ಗರಗಸದ ಹಲ್ಲು ತಿಕ್ಕುವವರು ಯಾರು?

ಈಗ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಕೈಗರಗಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಹಿಡಿ ಪ್ಲಾಸ್ಟಿಕ್ಕಿನದು, ಹಳದಿಯೋ ಕೆಂಪೋ ಬಣ್ಣ. ಅಲಗು ಬೆಳ್ಳಗೆ ಹೊಳೆಯುತ್ತಿರುತ್ತದೆ. ಹಲ್ಲಿನ ಸಾಲು ಮಾತ್ರ ಎಲೆಅಡಿಕೆ ಹಾಕಿದವರ ಹಲ್ಲಿನ ಹಾಗೆ ಕಪ್ಪಗೆ, ಸ್ವಲ್ಪ ನೀಲಿ ಬೆರೆತಂತೆ. ಅದು ಬಳಿದ ಬಣ್ಣ ಅಲ್ಲ. ವಿದ್ಯುತ್ ಸುರುಳಿಯ ಪಕ್ಕದಲ್ಲಿ ಹಾಯಿಸಿ, ಹಲ್ಲಿನ ತುದಿಗಳನ್ನಷ್ಟೇ ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದ ಗುರುತು. ಹೀಗೆ ಮಾಡಿದ ಹಲ್ಲು ಅರಕ್ಕಿಂತ ಗಟ್ಟಿ. (ಅರ ಅಂದರೆ ಲೋಹ ಉಜ್ಜುವ ಫೈಲು. ನಮ್ಮ ಕಡೆ ಕಾನಸ ಅಂತೀವಿ, ಮರಾಠಿಯಲ್ಲೂ ಕಾನಸ್ ಅಂತಲೇ ಅನ್ನುತ್ತಾರೆ.) ಅರಕ್ಕಿಂತ ಗಟ್ಟಿ ಅಂದ ಮೇಲೆ ಅರದಿಂದ ತಿಕ್ಕಲು ಬರುವುದಿಲ್ಲ. ಹೊಸದಿದ್ದಾಗ ಚೆನ್ನಾಗಿ ಕೊಯ್ಯುತ್ತದೆ, ಬಹಳ ದಿನ ಕೊಯ್ಯುತ್ತದೆ, ಒಂದು ದಿನ ಮೊಂಡಾಗುತ್ತದೆ. ಅಲ್ಲಿಗೆ ಮುಗಿಯಿತು. ಎಸೆದು ಇನ್ನೊಂದು ತರಬೇಕು.

ಇದರಲ್ಲಿ ತಕರಾರು ಏನು ಅಂತೀರಾ? ಅಗ್ಗಕ್ಕೆ ಸಿಗುತ್ತದೆ, ಕೆಲಸ ಆಗುತ್ತದೆ, ಮತ್ತೇನು ಬೇಕು? ನನ್ನ ತಕರಾರು ಗರಗಸದ ಬಗ್ಗೆ ಅಲ್ಲವೇ ಅಲ್ಲ, ಅದನ್ನು ಹಿಡಿಯುವ ಕೈಯ ಬಗ್ಗೆ. ಹರಿತ ಮಾಡಲು ಬಾರದ ಹತ್ಯಾರ ನಮ್ಮ ಹತ್ತಿರ ಇರುತ್ತದೆಯೇ ಹೊರತು ನಮ್ಮದಾಗುವುದಿಲ್ಲ. ಅದು ಅಂಗಡಿಯವನದು, ನಾವು ಬಾಡಿಗೆಗೆ ತಂದ ಹಾಗೆ. ಮರಗೆಲಸ ಮಾಡುವವನು, ಹೊಟ್ಟೆಪಾಡಿಗೆ ಮಾಡಲಿ, ರವಿವಾರದ ಹವ್ಯಾಸಕ್ಕೆ ಮಾಡಲಿ, ಒಮ್ಮೆಯಾದರೂ ಒಂದು ಸಣ್ಣ ಗರಗಸವನ್ನು ತಾನೇ ಮಾಡಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ದುಡ್ಡು ಉಳಿಸುವುದಕ್ಕಲ್ಲ. ಹಲ್ಲು ತಿಕ್ಕುವುದನ್ನು ಕಲಿಯುವುದಕ್ಕೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ನಾನು ಯಾರು, ಎಲ್ಲಿಂದ ಈ ಮಾತು ಆಡುತ್ತಿದ್ದೇನೆ ಅಂತ ಹೊಸಬರಿಗೆ ಹೇಳಿಬಿಡುತ್ತೇನೆ. ಗದಗ ಕಡೆಯವನು. ನಾಸಿಕ್‌ಗೆ ಬಂದು ನಾಲ್ಕು ದಶಕ ಸಮೀಪಿಸಿತು. ಈ ಊರಿಗೆ ಕನ್ನಡದವರು ಬಂದದ್ದು ಬಹುಪಾಲು ಕಾರ್ಖಾನೆಗಳ ಬೆನ್ನು ಹತ್ತಿ. ಬೆಂಗಳೂರಿನ ಎಚ್‌ಎಎಲ್ 1964ರಲ್ಲಿ ಮಿಗ್ ವಿಮಾನಕ್ಕಾಗಿ ಇಲ್ಲಿ ಓಝರ್‌ನಲ್ಲಿ ಘಟಕ ತೆರೆಯಿತು, ಮುಂದೆ ಬೆಂಗಳೂರಿನದೇ ಆದ ಮೈಕೋ ಸಾತಪುರಕ್ಕೆ ಬಂತು. ಅವುಗಳ ಸುತ್ತ ನೂರಾರು ಸಣ್ಣ ವರ್ಕ್‌ಶಾಪ್‌ಗಳು ಹುಟ್ಟಿಕೊಂಡವು. ಅಂಥದ್ದೊಂದರ ಟೂಲ್‌ರೂಮಿನಲ್ಲಿ ನನ್ನ ಸೇವೆ ಸವೆಯಿತು. ನಿವೃತ್ತಿಯಾದ ಮೇಲೆ ನಾಸಿಕ್‌ನಿಂದ ಮೂವತ್ತೈದು ಕಿಲೋಮೀಟರ್ ದೂರದ ಘೋಟಿಯಲ್ಲಿ ಒಂದು ತಗಡಿನ ಶೆಡ್ ಹಿಡಿದಿದ್ದೇನೆ. ವೈಸ್, ಕಟ್ಟಿಗೆ, ಒಂದು ಹಳೇ ರೇಡಿಯೊ. ವಾರಕ್ಕೆರಡು ದಿನ ಅಲ್ಲೇ.

ಮುಂಬೈಯಿಂದ ಆಗ್ರಾ ಹೆದ್ದಾರಿ ಹಿಡಿದು ಕಸಾರಾ ಘಾಟ್ ಹತ್ತಿ ಇಗತಪುರಿ ದಾಟಿದರೆ ಘೋಟಿ. ಮಳೆ ಅಂದರೆ ಮಳೆ, ಭತ್ತ ಅಂದರೆ ಭತ್ತ. ಊರ ತುಂಬ ಅಕ್ಕಿ ಗಿರಣಿಗಳು. ಭಂಡಾರದರಾಕ್ಕೆ ಹೋಗುವವರು, 1646 ಮೀಟರ್ ಎತ್ತರದ ಕಳಸೂಬಾಯಿ ಹತ್ತುವವರು ಇಲ್ಲಿಂದಲೇ ತಿರುಗಬೇಕು. ಸುತ್ತಲಿನ ಹಳ್ಳಿಗಳಿಗೆಲ್ಲ ಇದೇ ಪೇಟೆ. 2025ರ ಜೂನ್‌ನಲ್ಲಿ ಇಗತಪುರಿಯಿಂದ ಆಮಣೆವರೆಗಿನ ಕೊನೆಯ ತುಂಡು ತೆರೆದ ಮೇಲೆ ನಾಗಪುರದಿಂದ ಸಂಭಾಜಿನಗರದ ಮೇಲೆ ಹಾಯ್ದು ಬರುವ ಸಮೃದ್ಧಿ ಹೆದ್ದಾರಿಯೂ ಈ ಭಾಗಕ್ಕೆ ಪೂರ್ತಿ ಬಂದಾಯಿತು. ಹೆದ್ದಾರಿ ಬಂದಲ್ಲಿ ರಿಸಾರ್ಟ್, ಸೆಕೆಂಡ್ ಹೋಮ್. ಸೆಕೆಂಡ್ ಹೋಮ್ ಬಂದಲ್ಲಿ ಬಡಗಿಗಳಿಗೆ ಕೆಲಸ. ಕೆಲಸಕ್ಕೇನೂ ಕೊರತೆ ಇಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಕೊರತೆ ಬೇರೆ ಕಡೆ ಇದೆ. ಘೋಟಿಯ ಸಂತೆಯಲ್ಲಿ ಗರಗಸಕ್ಕೆ ಧಾರೆ ಹಚ್ಚುವ ಮುದುಕರೊಬ್ಬರು ಕೂಡುತ್ತಿದ್ದರು. ನೆಲಕ್ಕೆ ಗೂಟ ಬಡಿದು, ಎರಡು ಹಲಗೆಗಳ ನಡುವೆ ಗರಗಸ ಸಿಕ್ಕಿಸಿ, ಮೂರು ಮೂಲೆಯ ಅರ ಹಿಡಿದು ಕೂತರೆ ಅರ್ಧ ಗಂಟೆಗೆ ಒಂದು. ಕಿರ್‌ರ್ ಅನ್ನುವ ಸದ್ದು ದೂರದಿಂದಲೇ ಕೇಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಅವರು ಕೂಡುವುದು ನಿಲ್ಲಿಸಿದರು. ರಸ್ತೆಯಲ್ಲಿ ಸಿಕ್ಕಾಗ ಕೇಳಿದೆ, "ಯಾಕೆ ಕಾಕಾ, ಕಣ್ಣು ಮಂಜಾದವಾ?" ಅಂತ. "ಕಣ್ಣು ಸರಿ ಇವೆ ಸಾಹೇಬ. ಈಗಿನ ಕರವತಿಗೆ ನನ್ನ ಕಾನಸ ಹತ್ತುವುದಿಲ್ಲ, ಜಾರುತ್ತದೆ" ಅಂದರು.

ನೋಡಿ, ಒಂದು ಕಸುಬು ಹೇಗೆ ಸಾಯುತ್ತದೆ ಅಂತ. ಯಾರೂ ಬಂದು ನಿಲ್ಲಿಸು ಅನ್ನಲಿಲ್ಲ. ಹಲ್ಲು ಗಟ್ಟಿಯಾಯಿತು, ಅರ ಜಾರಿತು, ಅಷ್ಟೇ. ಅವರ ಮೊಮ್ಮಗ ಈಗ ರಿಸಾರ್ಟ್ ಒಂದರಲ್ಲಿ ಡ್ರೈವರ್. ಒಳ್ಳೆಯದೇ ಆಯಿತು. ಆದರೆ ಆ ಮುದುಕರಿಗೆ ಗೊತ್ತಿದ್ದುದು ಈಗ ಘೋಟಿಯಲ್ಲಿ ಯಾರಿಗೆ ಗೊತ್ತಿದೆ?

ಇನ್ನು ಗರಗಸ ಮಾಡುವ ವಿಷಯಕ್ಕೆ ಬರೋಣ. ನಾನು ಹೇಳುತ್ತಿರುವುದು ದಿಮ್ಮಿ ಕೊಯ್ಯುವ ದೊಡ್ಡ ಗರಗಸ ಅಲ್ಲ. ಸಂದು ಕೊಯ್ಯುವ ಸಣ್ಣದು. ಪೆಟ್ಟಿಗೆಯ ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಒಂದರೊಳಗೊಂದು ಕೂಡುವ ಜೋಡಣೆ ಇರುತ್ತದಲ್ಲ, ಡವ್‌ಟೇಲ್ ಅಂತೀವಿ, ಅದನ್ನು ಕೊಯ್ಯುವಂಥದ್ದು. ಹತ್ತು ಇಂಚು ಉದ್ದ, ಬೆನ್ನಿಗೆ ಹಿತ್ತಾಳೆಯ ಪಟ್ಟಿ. ಒಳ್ಳೆಯ ವಿದೇಶಿ ಗರಗಸವನ್ನು ತರಿಸಿದರೆ ಇಲ್ಲಿಗೆ ಬರುವಷ್ಟರಲ್ಲಿ ಹತ್ತು ಸಾವಿರ ದಾಟುತ್ತದೆ. ಅಮೆರಿಕದಲ್ಲೇ ಒಂದು ಕಾಲಕ್ಕೆ ಇಂಥವು ಒಳ್ಳೆಯವು ಸಿಗುತ್ತಿರಲಿಲ್ಲ. 1990ರ ದಶಕದಲ್ಲಿ ಹಳೇ ಗರಗಸಗಳ ಹುಚ್ಚಿದ್ದ ಇಬ್ಬರು ಇಂಡಿಪೆಂಡೆನ್ಸ್ ಟೂಲ್ ಅನ್ನುವ ಹೆಸರಿನಲ್ಲಿ ಹಳೇ ಮಾದರಿಯದನ್ನು ಮತ್ತೆ ಮಾಡಲು ಶುರು ಮಾಡಿದರು. 1998ರಲ್ಲಿ ಅದನ್ನು ಲೀ-ನೀಲ್ಸನ್ ಕಂಪನಿ ಕೊಂಡುಕೊಂಡಿತು. ಇವತ್ತು ಅಲ್ಲಿ ಒಳ್ಳೆಯ ಗರಗಸ ಮಾಡುವವರು ಹಲವರಿದ್ದಾರೆ. ಅಂದರೆ ಸತ್ತ ವಿದ್ಯೆಯನ್ನು ಎಬ್ಬಿಸಿದ್ದು ದೊಡ್ಡ ಕಾರ್ಖಾನೆಯಲ್ಲ, ಶೆಡ್ಡಿನಲ್ಲಿ ಕೂತವರು.

ಮೊದಲು ಅಲಗು. ಅರ್ಧ ಮಿಲಿಮೀಟರ್ ದಪ್ಪದ ಸ್ಪ್ರಿಂಗ್ ಉಕ್ಕಿನ ಪಟ್ಟಿ ಬೇಕು, ಕಾರ್ಖಾನೆಯಲ್ಲೇ ಹದ ಮಾಡಿ ಬಂದದ್ದು. ಮುಂಬೈಯ ನಾಗದೇವಿ ಬೀದಿಯಲ್ಲಿ ವಿಚಾರಿಸಿದರೆ ಸಿಗುತ್ತದೆ. ಸಾ ಮಿಲ್‌ನವರು ಬಿಸಾಡುವ ಬ್ಯಾಂಡ್‌ಸಾ ಪಟ್ಟಿ ಪುಕ್ಕಟೆ ಸಿಕ್ಕೀತು, ಆದರೆ ಅದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು ಇರುತ್ತದೆ. ದೊಡ್ಡ ಗರಗಸಕ್ಕೆ ಸರಿ, ಸಂದು ಕೊಯ್ಯಲು ದಪ್ಪವಾಯಿತು. ದಪ್ಪ ಹೆಚ್ಚಾದಷ್ಟೂ ತೆಗೆಯಬೇಕಾದ ಮರ ಹೆಚ್ಚು, ತೋಳಿಗೆ ಕೆಲಸ ಹೆಚ್ಚು, ಸಂದು ಸಡಿಲ. ಈ ಉಕ್ಕಿನ ಗುಟ್ಟು ಏನೆಂದರೆ ಅದು ಬಾಗಿಸಿದರೆ ಮತ್ತೆ ನೆಟ್ಟಗಾಗುವಷ್ಟು ಗಟ್ಟಿ, ಅರಕ್ಕೆ ಸಿಗುವಷ್ಟು ಮೆತ್ತಗೆ. ಈ ಎರಡರ ನಡುವಿನ ಸಣ್ಣ ಜಾಗದಲ್ಲೇ ಹಳೇ ಗರಗಸದ ಇಡೀ ಬದುಕು ಇದ್ದದ್ದು. ಹೊಸ ಕಪ್ಪು ಹಲ್ಲಿನವು ಆ ಜಾಗ ಬಿಟ್ಟು ಆಚೆ ಹೋದವು.

ಎರಡನೆಯದು ಬೆನ್ನು. ತಳ್ಳಿ ಕೊಯ್ಯುವ ಗರಗಸದ ಅಲಗು ತೆಳ್ಳಗಿದ್ದರೆ ಬಳುಕುತ್ತದೆ, ಅದಕ್ಕೇ ಬೆನ್ನಿಗೊಂದು ಪಟ್ಟಿ. ಜಪಾನಿನವರು ಎಳೆದು ಕೊಯ್ಯುತ್ತಾರೆ. ಎಳೆದಾಗ ಅಲಗು ತಾನೇ ಬಿಗಿಯಾಗುವುದರಿಂದ ಅವರಿಗೆ ಇನ್ನೂ ತೆಳ್ಳಗಿನದು ನಡೆಯುತ್ತದೆ. ಆರು ಮಿಲಿಮೀಟರ್ ದಪ್ಪದ ಹಿತ್ತಾಳೆ ಪಟ್ಟಿಗೆ ಮಿಲ್ಲಿಂಗ್ ಮಶೀನಿನಲ್ಲಿ ಸೀಳು ಹಾಕಿಸಿದರೆ ಆಯಿತು. ಅಂಬಡದ ಯಾವುದೇ ಸಣ್ಣ ವರ್ಕ್‌ಶಾಪಿನಲ್ಲಿ ಹತ್ತು ನಿಮಿಷದ ಕೆಲಸ. ಮಿಲ್ಲಿಂಗ್ ಇಲ್ಲದಿದ್ದರೆ ಹಿತ್ತಾಳೆ ತಗಡನ್ನು ಮಡಚಿ, ಮಡಿಕೆಯೊಳಗೆ ಅಲಗು ಬಡಿದು ಕೂರಿಸಬಹುದು. ಹಳಬರು ಮಾಡುತ್ತಿದ್ದದ್ದು ಹೆಚ್ಚಾಗಿ ಹೀಗೆಯೇ. ನಾಸಿಕ್‌ನ ಭಾಂಡಿ ಬಜಾರಿನವರು ತಲೆಮಾರುಗಳಿಂದ ತಾಮ್ರ ಹಿತ್ತಾಳೆ ನೋಡುತ್ತ ಬಂದವರು, ಮಡಚುವಾಗ ತಗಡು ಸೀಳದಂತೆ ಮೊದಲು ಕಾಯಿಸಿ ಮೆತ್ತಗೆ ಮಾಡಿಕೋ ಅಂತ ಹೇಳಲು ಅವರಿಗೆ ಪುಸ್ತಕ ಬೇಡ.

ಮೂರನೆಯದು ಹಿಡಿ. ಬೀಟೆಯ ತುಂಡು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಶೀಶಮ್, ಅದೂ ಇಲ್ಲದಿದ್ದರೆ ಜಾಲಿ. ಮರದ ಎಳೆ ಹಿಡಿಯ ಸಣ್ಣ ಭಾಗದಲ್ಲಿ ಉದ್ದಕ್ಕೆ ಬರಬೇಕು, ಅಡ್ಡ ಬಂದರೆ ಒಂದು ದಿನ ಅಲ್ಲೇ ಮುರಿಯುತ್ತದೆ. ಮೂರು ಬೆರಳು ಒಳಗೆ, ತೋರುಬೆರಳು ಹೊರಗೆ ಅಲಗಿನ ಗುಂಟ ಚಾಚಿ. ಅಂಗಡಿಯ ಹಿಡಿ ಎಲ್ಲರ ಕೈಗೂ ಸರಿ ಅನ್ನುವ ಲೆಕ್ಕದಲ್ಲಿ ಮಾಡಿದ್ದು, ಅಂದರೆ ಯಾರ ಕೈಗೂ ಪೂರ್ತಿ ಸರಿ ಅಲ್ಲ. ಅಂಗೈ ಸಣ್ಣದಿರುವ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಇದರ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಹಿಡಿಗೆ ಅಲಗು ಬಿಗಿಯಲು ಲೆಡ್ಜರ್ ಪುಸ್ತಕ ಬೈಂಡ್ ಮಾಡುವ ಹಿತ್ತಾಳೆ ತಿರುಪುಗಳು ಸಾಕು.

ಇಷ್ಟೆಲ್ಲ ಆದರೂ ಅದಿನ್ನೂ ಗರಗಸ ಅಲ್ಲ, ಹಿಡಿ ಇರುವ ತಗಡು. ಅಸಲು ಕೆಲಸ ಹಲ್ಲಿನದು.

ಇಂಚಿಗೆ ಹದಿನೈದು ಹಲ್ಲು ಅಂದರೆ ಹತ್ತು ಇಂಚಿಗೆ ನೂರೈವತ್ತು. ಕಾಗದದ ಮೇಲೆ ಗೆರೆ ಹಾಕಿ ಅಲಗಿಗೆ ಅಂಟಿಸಿ, ಎರಡು ಮರದ ಪಟ್ಟಿಗಳ ನಡುವೆ ವೈಸ್‌ನಲ್ಲಿ ಬಿಗಿಯಬೇಕು. ಅಲಗು ಮೇಲೆ ಮೂರು ಮಿಲಿಮೀಟರಿಗಿಂತ ಹೆಚ್ಚು ಕಾಣಬಾರದು, ಕಂಡರೆ ಕಿರುಚುತ್ತದೆ, ಅರ ಕುಣಿಯುತ್ತದೆ. ಅರದ ಮೂರೂ ಮೂಲೆ ಅರವತ್ತು ಡಿಗ್ರಿ. ಅದು ಒಂದು ಸಂದಿನಲ್ಲಿ ಹಾಯ್ದಾಗ ಒಂದು ಹಲ್ಲಿನ ಎದೆಯನ್ನೂ ಪಕ್ಕದ ಹಲ್ಲಿನ ಬೆನ್ನನ್ನೂ ಒಟ್ಟಿಗೆ ತಿಕ್ಕುತ್ತದೆ. ಇಲ್ಲೇ ಇರುವುದು ಪಾಠ. ಒಂದು ಹಲ್ಲಿಗೆ ಮಾಡಿದ್ದು ನೆರೆಯ ಹಲ್ಲಿಗೂ ತಟ್ಟುತ್ತದೆ. ಒಂದು ದೊಡ್ಡದಾಗಿ ಇನ್ನೊಂದು ಸಣ್ಣದಾದರೆ, ಸಣ್ಣದನ್ನು ಬೆಳೆಸಲು ಆಗುವುದಿಲ್ಲ, ದೊಡ್ಡದರ ಕಡೆಗೆ ಅರ ಒತ್ತಿ ಎಲ್ಲವನ್ನೂ ಸಮಕ್ಕೆ ತರಬೇಕು.

ಎಳೆಯ ಗುಂಟ ಕೊಯ್ಯುವ ಹಲ್ಲು ಸಾಲಾಗಿ ನಿಲ್ಲಿಸಿದ ಸಣ್ಣ ಉಳಿಗಳಿದ್ದ ಹಾಗೆ. ಅರ ಅಲಗಿಗೆ ನೇರ ಅಡ್ಡ ಹಾಯಬೇಕು. ಎಳೆಗೆ ಅಡ್ಡ ಕೊಯ್ಯುವ ಹಲ್ಲು ಸಣ್ಣ ಚಾಕುಗಳಿದ್ದ ಹಾಗೆ, ಅದಕ್ಕೆ ಅರ ಇಪ್ಪತ್ತು ಡಿಗ್ರಿಯಷ್ಟು ಓರೆಯಾಗಬೇಕು. ಡವ್‌ಟೇಲಿಗೆ ಬೇಕಿರುವುದು ಮೊದಲನೆಯದು, ಕಲಿಯುವವರಿಗೂ ಅದೇ ಸುಲಭ. ಆಮೇಲೆ ಒಂದು ಬಿಟ್ಟು ಒಂದು ಹಲ್ಲನ್ನು ಎಡಕ್ಕೆ, ಬಲಕ್ಕೆ ಚೂರೇ ಚೂರು ಬಾಗಿಸಬೇಕು, ಅಲಗು ಮರದಲ್ಲಿ ಸಿಕ್ಕಿಕೊಳ್ಳದ ಹಾಗೆ. ಅರ್ಧ ಮಿಲಿಮೀಟರ್ ಅಲಗಿಗೆ ಪ್ರತಿ ಬದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಸಾಕು.

ಹರಿತ ಆಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಮೊದಲು ಚಪ್ಪಟೆ ಅರದಿಂದ ಎಲ್ಲ ಹಲ್ಲಿನ ತಲೆಯ ಮೇಲೆ ಒಮ್ಮೆ ಹಾಯಿಸುತ್ತೇವೆ, ಎತ್ತರ ಸಮ ಆಗಲೆಂದು. ಆಗ ಪ್ರತಿ ಹಲ್ಲಿನ ತುದಿಯಲ್ಲೂ ಒಂದೊಂದು ಹೊಳೆಯುವ ಚುಕ್ಕೆ. ಕಿಟಕಿಯ ಬೆಳಕಿಗೆ ಹಿಡಿದರೆ ನಕ್ಷತ್ರದ ಸಾಲು. ಆ ಚುಕ್ಕೆ ಮಾಯವಾಗುವವರೆಗೆ ತಿಕ್ಕಬೇಕು, ಮಾಯವಾದ ಮೇಲೆ ಒಂದು ಸಲವೂ ಹೆಚ್ಚಿಗೆ ತಿಕ್ಕಬಾರದು. ಹರಿತವಾದ ತುದಿ ಹೊಳೆಯುವುದಿಲ್ಲ, ಬೆಳಕು ಕೂಡಲು ಅಲ್ಲಿ ಜಾಗವೇ ಇರುವುದಿಲ್ಲ. ಹೊಳೆಯುವುದು ಮೊಂಡು. ಇದನ್ನು ಒಮ್ಮೆ ಕಣ್ಣಾರೆ ಕಂಡವನು ಯಾವ ಗರಗಸವನ್ನು ಕೈಗೆತ್ತಿಕೊಂಡರೂ ಮೊದಲು ಬೆಳಕಿಗೆ ಹಿಡಿಯುತ್ತಾನೆ. ಅಂಗಡಿಯ ಗರಗಸ ಹತ್ತು ಕೊಂಡರೂ ಇದು ಬರುವುದಿಲ್ಲ.

ಒಟ್ಟು ಖರ್ಚು? ನನಗೆ ಅರದ ಸಮೇತ ಸಾವಿರದ ಇನ್ನೂರು ಬಿತ್ತು. ಅರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಅರ ಮಾಡುವ ಕಂಪನಿಗಳಲ್ಲೊಂದು ಜೆಕೆ ಫೈಲ್ಸ್, ಅದು ರತ್ನಾಗಿರಿ, ಚಿಪಳೂಣ್‌ಗಳಲ್ಲಿ ಬೆಳೆದದ್ದು. ಸಹ್ಯಾದ್ರಿಯ ಆ ಮಗ್ಗುಲಲ್ಲಿ ಲೋಕಕ್ಕೆಲ್ಲ ಅರ ಮಾಡಿ ಕಳಿಸುತ್ತೇವೆ, ಈ ಮಗ್ಗುಲಲ್ಲಿ ಗರಗಸ ಮೊಂಡಾದರೆ ಎಸೆಯುತ್ತೇವೆ. ಹೇಗಿದೆ ನಮ್ಮ ಜಾಣತನ?

ಉಕ್ಕಿನ ಮಾತು ಬಂದಾಗ ನಮ್ಮವರ ಎದೆ ಉಬ್ಬುತ್ತದೆ. ವೂಟ್ಜ್ ಅನ್ನುವ ಇಂಗ್ಲಿಷ್ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಬಂದದ್ದು ಅಂತ ವಿದ್ವಾಂಸರು ಹೇಳುತ್ತಾರೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮೈಸೂರು ಸೀಮೆ ಸುತ್ತಲು ಬಂದ ಫ್ರಾನ್ಸಿಸ್ ಬುಕಾನನ್ ನಮ್ಮ ಕುಲುಮೆಗಳಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದುಕೊಂಡ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದರು, ಮುಂದೆ ಮೈಕೆಲ್ ಫ್ಯಾರಡೆ ಅಂಥವನೇ ಇದರ ಬೆನ್ನು ಹತ್ತಿದ. ಎಲ್ಲ ನಿಜ. ಫಾರ್ವರ್ಡ್ ಮಾಡಲು ಚೆನ್ನಾಗಿದೆ. ಆದರೆ ಉಕ್ಕು ನಮ್ಮದು ಅನ್ನುವವರ ಮನೆಯಲ್ಲಿ ಒಂದು ಈಳಿಗೆಗೆ ಧಾರೆ ಹಚ್ಚಲು ಬರುವವರು ಎಷ್ಟು ಜನ? ಹೆಮ್ಮೆ ಬಾಯಲ್ಲಿದ್ದರೆ ಸಾಲದು ಸ್ವಾಮಿ, ಬೆರಳ ತುದಿಯಲ್ಲೂ ಸ್ವಲ್ಪ ಇರಬೇಕು.

ಧಾರೆ ಹಚ್ಚುವ ವಿದ್ಯೆ ಎಲ್ಲಿಗೆ ಕರೆದೊಯ್ಯಬಲ್ಲದು ಅನ್ನುವುದಕ್ಕೆ ನಮಗೆ ಗೊತ್ತಿರುವ ಊರಿನದೇ ಉದಾಹರಣೆ ಇದೆ. ಊರಿಗೆ ಹೋಗುವಾಗ ಪುಣೆ ದಾಟಿ ಮಿರಜ್‌ನಲ್ಲಿ ಗಾಡಿ ನಿಲ್ಲುತ್ತದಲ್ಲ, ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕಿವಿಗೆ ಬೀಳಲು ಶುರುವಾಗುವ ಜಾಗ. ಆ ಮಿರಜ್‌ನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅವನ್ನು ಮಾಡುವವರು ಮೊದಲಿಂದ ಬಡಗಿಗಳಲ್ಲ. ಶಿಕಲಗಾರರು. ಅಂದರೆ ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುವವರು. ಸಂಸ್ಥಾನಗಳಿಗೆ ಕತ್ತಿ ಬೇಡವಾದ ಕಾಲಕ್ಕೆ, ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಫರೀದಸಾಹೇಬ್ ಶಿಕಲಗಾರ್ ಎಂಬವರು ವಾದ್ಯ ರಿಪೇರಿಗೆ ಕೈ ಹಾಕಿದರು, ರಿಪೇರಿಯಿಂದ ತಯಾರಿಕೆಗೆ ಬಂದರು. ತಲೆಮಾರುಗಳು ಕಳೆದವು, ಇಂದಿಗೂ ಆ ಮನೆತನಗಳು ಅದೇ ಕೆಲಸದಲ್ಲಿವೆ. ಕತ್ತಿ ಹೋಯಿತು, ಕೈ ಉಳಿಯಿತು. ಸಾಣೆ ಹಿಡಿದು ಪಳಗಿದ ಕಣ್ಣು, ಬೆರಳು ಸೋರೆ ಬುರುಡೆಗೂ ಮರಕ್ಕೂ ಒಗ್ಗಿದವು. ಆ ಕಾಲದಲ್ಲಿ ಮೊಂಡಾದ ಕತ್ತಿ ಎಸೆದು ಹೊಸದು ತರುವ ಪದ್ಧತಿ ಇದ್ದಿದ್ದರೆ ಮಿರಜ್‌ನ ತಂಬೂರಿ ಹುಟ್ಟುತ್ತಿತ್ತೇ?

ಈಗ ನನಗೆ ಎದುರಾಗುವ ವಾದಗಳು. ಇವನ್ನು ತಳ್ಳಿಹಾಕುವ ಹಾಗಿಲ್ಲ.

ಒಂದು, ಈಗಿನ ಕೆಲಸವೆಲ್ಲ ಪ್ಲೈವುಡ್ಡಿನದು, ಅದರ ಅಂಟಿಗೆ ಎಂಥ ಹಲ್ಲೂ ಮೊಂಡಾಗುತ್ತದೆ, ಕರೆಂಟ್ ಕಟ್ಟರ್ ಬಿಟ್ಟರೆ ಗತಿ ಇಲ್ಲ. ಒಪ್ಪಿದೆ. ಕಟ್ಟರ್ ಎಸೆದು ಕೈಗರಗಸ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ತೇಗದಲ್ಲೂ ಮರಳಿನಂಥ ಅಂಶ ಇರುತ್ತದೆ, ಅದೂ ಹಲ್ಲು ತಿನ್ನುತ್ತದೆ. ಗಟ್ಟಿ ಹಲ್ಲಿನ ಗರಗಸ ಹುಟ್ಟಿದ್ದಕ್ಕೂ ಕಾರಣ ಇದೆ. ಸೆಂಟ್ರಿಂಗ್ ಕೆಲಸದವನಿಗೆ ಅದೇ ಸರಿ.

ಎರಡು, ಚದರಡಿ ಲೆಕ್ಕದಲ್ಲಿ ದುಡಿಯುವವನಿಗೆ ಅರ ಹಿಡಿದು ಕೂರಲು ವೇಳೆ ಎಲ್ಲಿದೆ? ಇದು ಗಟ್ಟಿ ವಾದ. ಹಿಂದೆ ಹಳ್ಳಿಯಲ್ಲಿ ಬಡಿಗೇರರಿಗೆ ವರ್ಷಕ್ಕಿಷ್ಟು ಕಾಳು ಅಂತ ಆಯ ಇತ್ತು, ಈ ಕಡೆ ಬಾರಾ ಬಲುತೇದಾರ ಪದ್ಧತಿ ಇತ್ತು. ಅದರಲ್ಲಿ ನೂರು ಹುಳುಕು, ಜಾತಿಯ ಕಟ್ಟು, ಬೇಡಿ ತಿನ್ನುವ ಹಂಗು. ಅದು ಹೋದದ್ದಕ್ಕೆ ನನಗೆ ದುಃಖ ಇಲ್ಲ. ಆದರೆ ಹತ್ಯಾರ ಸರಿ ಮಾಡಿಕೊಳ್ಳುವ ಹೊತ್ತೂ ಕೆಲಸದ ಹೊತ್ತೇ ಅನ್ನುವ ತಿಳಿವಳಿಕೆ ಅದರ ಜೊತೆಗೇ ಹೋಯಿತು. ಈಗ ಆ ಹೊತ್ತಿನ ಕೂಲಿ ಯಾರೂ ಕೊಡುವುದಿಲ್ಲ, ಹಾಗಾಗಿ ಯಾರೂ ಮಾಡುವುದಿಲ್ಲ.

ನನ್ನ ಶೆಡ್ಡಿಗೆ ಕಾವನಯಿ ಕಡೆಯ ಒಬ್ಬ ಹುಡುಗ ಬರುತ್ತಾನೆ. ಬಡಗಿಯೊಬ್ಬರ ಕೈಕೆಳಗೆ ಹೆಲ್ಪರ್. ಆರು ರವಿವಾರ ಕೂತು ಒಂದು ಗರಗಸ ಮುಗಿಸಿದ. ಅವನ ಉಸ್ತಾದರು ಮೊದಲು ನಕ್ಕರಂತೆ, "ಅಂಗಡಿಯಲ್ಲಿ ಸಿಗೋದಿಲ್ಲವೇನೋ" ಅಂತ. ಆಮೇಲೆ ಒಂದು ದಿನ ತಮ್ಮ ಅಪ್ಪನ ಕಾಲದ ಎರಡು ಗರಗಸ ತಂದು ಇವನ ಮುಂದೆ ಇಟ್ಟರಂತೆ, ಹಲ್ಲು ನೋಡು ಅಂತ. ಈಗ ಇವನಿಗೆ ಊರಿನಲ್ಲಿ ಗರಗಸಕ್ಕೆ ಐವತ್ತು ರೂಪಾಯಿಯ ಹಾಗೆ ಒಂದೊಂದು ಸಿಗುತ್ತಿವೆ. "ಕಾಕಾ, ಇದರಲ್ಲಿ ಹೊಟ್ಟೆ ತುಂಬುತ್ತದಾ?" ಅಂತ ಕೇಳಿದ. ಇದರಲ್ಲೇ ತುಂಬುವುದಿಲ್ಲ, ಸುಳ್ಳು ಹೇಳಲಾರೆ ಅಂದೆ. ಆದರೆ ಈಗ ಅವನು ಉಳಿಯನ್ನೂ ತಾನೇ ಮಸೆಯುತ್ತಾನೆ, ಹತ್ತರಿಯ ಅಲಗನ್ನೂ ತಾನೇ ಕೂರಿಸುತ್ತಾನೆ. ಕಟ್ಟಿದ ಡ್ರಾಯರ್‌ಗಳು ಸಲೀಸಾಗಿ ಸರಿಯುತ್ತವೆ ಅಂತ ಒಬ್ಬ ರಿಸಾರ್ಟಿನವರು ಹೆಸರು ಹಿಡಿದು ಕರೆಸಿದರಂತೆ. ಹೆಲ್ಪರ್‌ನ ಹೆಸರು ಹಿಡಿದು ಯಾರು ಕರೆಸುತ್ತಾರೆ ಹೇಳಿ? ನಾಳೆ ಏನಾಗುತ್ತದೋ ಗೊತ್ತಿಲ್ಲ. ಅವನೂ ಡ್ರೈವರ್ ಆಗಬಹುದು. ಆದರೂ ಕಲಿತದ್ದು ಅವನ ಹತ್ತಿರವೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಎರಡು ಮಾತು ಸರ್ಕಾರಕ್ಕೆ, ಒಂದು ನಮಗೆ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಹದಿನೆಂಟು ಕಸುಬುಗಳು, ಅದರಲ್ಲಿ ಬಡಗಿಯೂ ಇದ್ದಾನೆ, ಕಮ್ಮಾರನೂ ಇದ್ದಾನೆ, ಸುತ್ತಿಗೆ ಮತ್ತು ಹತ್ಯಾರ ಮಾಡುವವನೂ ಬೇರೆಯಾಗಿ ಇದ್ದಾನೆ. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಹತ್ಯಾರ ಕೊಳ್ಳಲು 15,000 ರೂಪಾಯಿಯ ವೋಚರ್. ಒಳ್ಳೆಯ ಯೋಜನೆ, ದಿನದ ಕೂಲಿ ಬಿಟ್ಟು ಕಲಿಯಲು ಬರುವವನಿಗೆ ಭತ್ಯೆ ಕೊಡುವ ಬುದ್ಧಿ ಮೆಚ್ಚಬೇಕಾದ್ದೇ. ಆ ಐದು ದಿನಗಳಲ್ಲಿ ಎರಡು ದಿನ ಅರಕ್ಕೆ ಕೊಡಿ ಅನ್ನುವುದು ನನ್ನ ಮೊದಲ ಮಾತು. ಹದಿನೈದು ಸಾವಿರದ ಹತ್ಯಾರ ಕೊಟ್ಟು ಅದನ್ನು ಹರಿತವಾಗಿಡಲು ಹೇಳಿಕೊಡದಿದ್ದರೆ ಎತ್ತು ಕೊಟ್ಟು ಮೇವು ಮರೆತ ಹಾಗೆ. ಎರಡನೆಯದು, ಐಟಿಐ. 1950ರಿಂದ ನಡೆದು ಬಂದ ಕರಕುಶಲ ತರಬೇತಿಯ ವ್ಯವಸ್ಥೆ ಅದು, ಬಡಗಿ ಕೆಲಸಕ್ಕೊಂದು ವಿಭಾಗವಿದೆ, ಫಿಟ್ಟರ್ ವಿಭಾಗ ಪಕ್ಕದ ಕೋಣೆಯಲ್ಲೇ ಇರುತ್ತದೆ. ಫಿಟ್ಟರ್ ಹುಡುಗರು ತಿಂಗಳುಗಟ್ಟಲೆ ಅರ ಹಿಡಿದು ಕಬ್ಬಿಣದ ತುಂಡು ಉಜ್ಜುತ್ತಾರೆ, ಉಜ್ಜಿದ್ದು ಆಮೇಲೆ ಗುಜರಿಗೆ. ಆ ಎರಡು ಕೋಣೆಗಳ ನಡುವಿನ ಬಾಗಿಲು ತೆಗೆಯಿರಿ. ಫಿಟ್ಟರ್ ಅಲಗು ಮಾಡಲಿ, ಬಡಗಿ ಹಿಡಿ ಮಾಡಲಿ, ಇಬ್ಬರೂ ಸೇರಿ ಹಲ್ಲು ತಿಕ್ಕಲಿ. ಪರೀಕ್ಷೆ ಮುಗಿಸಿ ಹೋಗುವಾಗ ಸರ್ಟಿಫಿಕೇಟಿನ ಜೊತೆ ತಾನೇ ಮಾಡಿದ ಗರಗಸವನ್ನೂ ಬಗಲಲ್ಲಿಟ್ಟುಕೊಂಡು ಹೋಗಲಿ.

ಇನ್ನು ನಮಗೆ, ಊರು ಬಿಟ್ಟು ಬಂದ ನಮ್ಮಂಥವರಿಗೆ. ಎಲ್ಲರೂ ಗರಗಸ ಮಾಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಎಷ್ಟೋ ಜನರ ಊರಮನೆಯ ಅಟ್ಟದ ಮೇಲೆ, ಮಾಡಿನ ಸಂದಿನಲ್ಲಿ, ಒಂದು ಹಳೇ ಗರಗಸ ತುಕ್ಕು ಹಿಡಿದು ಬಿದ್ದಿರುತ್ತದೆ. ಮನೆ ಕಟ್ಟುವಾಗ ತಂದದ್ದೋ, ಅಜ್ಜನ ಕಾಲದ್ದೋ. ಈ ಸಲ ಪಂಚಮಿಗೋ ದೀಪಾವಳಿಗೋ ಹೋದಾಗ ಅದನ್ನು ಗುಜರಿಯವನಿಗೆ ಹಾಕಬೇಡಿ. ಹಳೇ ಪೇಪರಿನಲ್ಲಿ ಸುತ್ತಿ ತನ್ನಿ. (ರೈಲಿನಲ್ಲಿ ಬ್ಯಾಗಿನ ತಳಕ್ಕೆ ಇಡಿ, ಹಲ್ಲಿಗೆ ಸೀಳಿದ ಪೈಪು ಸಿಕ್ಕಿಸಿ.) ಅದರ ಹಲ್ಲು ಕಪ್ಪಗಿರುವುದಿಲ್ಲ, ಅರಕ್ಕೆ ಸಿಗುತ್ತದೆ. ಒಂದು ಮೂರು ಮೂಲೆಯ ಅರ ತನ್ನಿ, ತುಕ್ಕು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಚುಕ್ಕೆಗಳು ಹೊಳೆಯುತ್ತಿದ್ದರೆ ಒಂದೊಂದನ್ನೇ ಆರಿಸಿ. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೊದಲ ಹತ್ತು ಹಲ್ಲು ನೀವು ತಿಕ್ಕಿ, ಹನ್ನೊಂದನೆಯದನ್ನು ಅವರಿಗೆ ಬಿಡಿ.